ಮುಂಗೈಯ ಕಟ್ಟು

2023ರ ಆಗಸ್ಟ್ 19, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮಾಸೂರಿನ ಗುತ್ತೆಪ್ಪ ತನ್ನ ಮಗಳು ಹೇಮಾಳ ಬಲ ಮುಂಗೈಗೆ ಅರಿವೆಯ ಕೊನೆಯ ಸುತ್ತು ಸುತ್ತಿ ಗಂಟು ಬಿಗಿದ. ಹೊತ್ತು ಇಷ್ಟು ನಿಖರವಾಗಿ ಗೊತ್ತಾದದ್ದು ಆಮೇಲೆ. ಗಂಟು ಬಿದ್ದ ಕೂಡಲೇ ಹೇಮಾ ಎಡಗೈಯಲ್ಲಿ ಮೊಬೈಲ್ ಹಿಡಿದು, ತಾನು ಕೆಲಸ ಮಾಡುವ ಹತ್ತಿ ಬೀಜದ ಪ್ಲಾಟಿನ ಮೇಸ್ತ್ರಿ ಉಳಿವೆಪ್ಪನಿಗೆ, ಎಂಟು ದಿನ ಬರುವುದಿಲ್ಲವೆಂದು ಫೋನ್ ಮಾಡಿದ್ದಳು. ಆ ಕರೆಯ ಹೊತ್ತು ಮೊಬೈಲಿನಲ್ಲಿ ಉಳಿದಿತ್ತು.

ಒಂದೂವರೆ ತಾಸಿನ ಹಿಂದೆ ಅವಳು ಪ್ಲಾಟಿನ ಬದುವಿನ ಹತ್ತಿರ ಟಂಟಂ ಆಟೋದಿಂದ ಇಳಿಯುವಾಗ ಜಾರಿ, ಬಲಗೈ ಊರಿ ಬಿದ್ದಿದ್ದಳು. ಮುಂಗೈಯ ಎರಡೂ ಎಲುಬು ನಟ್ಟನಡುವೆ ಮುರಿದಿದ್ದವು. ಜೊತೆಗಿದ್ದ ಹೆಂಗಸರು ಅವಳನ್ನು ಆಸ್ಪತ್ರೆಗೆ ಒಯ್ಯುವ ಮಾತೇ ಎತ್ತಲಿಲ್ಲ. ಗುತ್ತೆಪ್ಪನ ಮಗಳನ್ನು ಗುತ್ತೆಪ್ಪನ ಮನೆಗಲ್ಲದೆ ಇನ್ನೆಲ್ಲಿಗೆ ಒಯ್ಯುವುದು? ಹಿರೇಕೆರೂರು ತಾಲೂಕು ಬಿಡಿ, ಹಾನಗಲ್, ಸವಣೂರು, ಶಿಗ್ಗಾಂವಿ ಕಡೆಯಿಂದಲೂ ಜನ ಅವನಲ್ಲಿ ಎಲುಬು ಕಟ್ಟಿಸಿಕೊಳ್ಳಲು ಬರುತ್ತಿದ್ದರು. ಅಪ್ಪನಿಂದ ಕಲಿತ ವಿದ್ಯೆ, ನಲವತ್ತು ವರ್ಷದ ಕೈ. ಚರ್ಮದ ಮೇಲೆ ಹೆಬ್ಬೆರಳು ಓಡಿಸಿದರೆ ಸಾಕು, ಎಲುಬು ಎಲ್ಲಿ ಮುರಿದಿದೆ, ಯಾವ ಕಡೆಗೆ ಜರುಗಿದೆ ಎಂದು ಹೇಳುತ್ತಿದ್ದ. ಎಲುಬಿನ ಸುತ್ತ ಇರುವುದು ಅವನ ಪಾಲಿಗೆ ಬರೀ ಮಾಂಸ. ಎಲುಬನ್ನು ಮುಟ್ಟಲು ಅಡ್ಡ ಬರುವ ಮೆತ್ತನೆಯ ವಸ್ತು, ಅಷ್ಟೆ.

ಅವನು ಎಳೆದು ಎಲುಬು ಕೂಡಿಸಿದ. ತತ್ತಿಯ ಬಿಳಿ ಮತ್ತು ಉದ್ದಿನ ಹಿಟ್ಟು ಕಲಸಿದ ಅಂಟಿನಲ್ಲಿ ಅರಿವೆ ಅದ್ದಿ ಸುತ್ತಿದ. ನಾಲ್ಕು ಬಿದಿರಿನ ದಬ್ಬೆ ಇಟ್ಟು ಮೇಲೆ ಮತ್ತೆ ಅರಿವೆ ಸುತ್ತಿದ. ಅದು ಒಣಗಿದರೆ ಕಟ್ಟಿಗೆಯಷ್ಟು ಗಟ್ಟಿ. ಕಟ್ಟಿದ ಕೈಯೇ ಬಿಚ್ಚಬೇಕು, ಅದೂ ಮೂರನೆಯ ದಿನ ಬೆಳಿಗ್ಗೆ. ಅದಕ್ಕೂ ಮೊದಲು ಕಟ್ಟನ್ನು ಮುಟ್ಟಿದರೆ ಎಲುಬು ಮುನಿಯುತ್ತದೆ ಎನ್ನುವುದು ಅಪ್ಪ ಹಾಕಿಕೊಟ್ಟ ನಿಯಮ.

ಆ ಹೊತ್ತಿಗೆ ಕಟ್ಟೆಯ ಮೇಲೆ ಹುಲಗೂರಿನ ಜಮಾಲಸಾಬ ಕುಂತಿದ್ದ. ಭುಜದ ಕೀಲು ತಪ್ಪಿ ಬಂದಿದ್ದರೂ ಅವನ ಬಾಯಿಗೆ ಬಿಡುವಿರಲಿಲ್ಲ.

"ಗುತ್ತೆಪ್ಪಣ್ಣ, ಕಳೆದ ವರ್ಷ ನನ್ನ ಕಾಲು ಕಟ್ಟೂವಾಗ ಎತ್ತಿಗೆ ಲಾಳ ಬಡದಂಗ ಬಡದಿದ್ದಿ. ಮಗಳ ಕೈ ಬಂದ ಕೂಡ್ಲೆ ಹೂ ಕಟ್ಟಾಕತ್ತೀ ನೋಡು!"

"ಸುಮ್ಕ ಕುಂದ್ರೋ ಸಾಬ, ನಿಂದೂ ಬರ್ತೈತಿ ಪಾಳಿ," ಎಂದ ಗುತ್ತೆಪ್ಪ.

"ಜಮಾಲ ಕಾಕಾ ಹೇಳೂದು ಖರೇ ಐತಪಾ," ಎಂದಳು ಹೇಮಾ. ಅವಳ ಹಣೆಯ ಮೇಲೆ ಬೆವರಿತ್ತು, ಆದರೂ ನಗುತ್ತಿದ್ದಳು. "ಬಿಗಿ ಕಟ್ಟು. ಪ್ಲಾಟಿನ್ಯಾಗ ಹತ್ತಿ ಹೂವಿನ ಕ್ರಾಸಿಂಗ್ ಈಗ ಚಾಲೂ ಆಗೇತಿ. ಎಂಟು ದಿನಕ್ಕ ನಾ ವಾಪಸ್ ಹೋಗ್ಬೇಕು."

ಗುತ್ತೆಪ್ಪ ಮುಗಿದಿದ್ದ ಕಟ್ಟಿನ ಮೇಲೆ ಮತ್ತೆರಡು ಸುತ್ತು ಸುತ್ತಿ, ಹಲ್ಲು ಕಚ್ಚಿ ಎಳೆದ. ಹತ್ತು ನಲವತ್ತರ ಗಂಟು ಅದು.

ಮಧ್ಯಾಹ್ನ ಎರಡಕ್ಕೆ ಹೇಮಾ ಮೊದಲ ಸಲ ಹೇಳಿದಳು. "ಅಪ್ಪಾ, ಭಾಳ ಬ್ಯಾನಿ ಆಗಾಕತ್ತೈತಿ. ಮುರದಾಗ ಆಗಿದ್ದಕ್ಕಿಂತ ಜಾಸ್ತಿ." ಮುರಿದ ಕೈ ನೋಯದೆ ಇರುತ್ತದೆಯೆ ಎಂದ ಅವನು. ಐದು ಗಂಟೆಗೆ ಎರಡನೆಯ ಸಲ ಹೇಳಿದಳು. ಅವನು ಬಂದು, ಕಟ್ಟಿನ ಹೊರಗೆ ಚಾಚಿದ್ದ ಬೆರಳುಗಳ ಉಗುರು ಒತ್ತಿ ನೋಡಿದ. ಒತ್ತಿದರೆ ಬೆಳ್ಳಗಾಗಿ, ಬಿಟ್ಟರೆ ಕೆಂಪಾಗುತ್ತಿತ್ತು. ಯಾರಿಗೆ ಕಟ್ಟಿದರೂ ಸಂಜೆ ಅವನು ಮಾಡುತ್ತಿದ್ದ ಪರೀಕ್ಷೆ ಇದೊಂದೆ. "ರಕ್ತ ಆಡಾಕತ್ತೈತಿ. ಏನೂ ಆಗಿಲ್ಲ," ಎಂದ.

ಊಟದ ಹೊತ್ತಿಗೆ ತಾಯಿ ಶೇಖವ್ವ ಮಗಳ ಕೈ ತೊಳೆಸಲೆಂದು ಮಡಚಿದ್ದ ನಡುಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದಳು. ಹೇಮಾ ಚೀರಿದ ದನಿಗೆ ಪಕ್ಕದ ಮನೆಯವರು ಹೊರಬಂದರು.

"ಏನ್ರಿ, ಒಂದೀಟು ಬಿಚ್ಚಿ ಕಟ್ರಲಾ," ಎಂದಳು ಶೇಖವ್ವ. "ಹಿಂಗ ಒದರೂ ಹುಡುಗಿ ಅಲ್ಲ ಅಕಿ."

"ಮಂದಿ ಮಕ್ಕಳಿಗೊಂದು, ನಮ್ಮ ಮಕ್ಕಳಿಗೊಂದು ಮಾಡಾಕ ಬರ್ತೈತೇನು? ಮೂರು ದಿನ ಅಂದ್ರ ಮೂರು ದಿನ."

ಭಾನುವಾರ ಸಂಜೆ ನೋವು ತಾನಾಗಿಯೇ ಇಳಿಯಿತು. ಗುತ್ತೆಪ್ಪ ಹೆಂಡತಿಯ ಮುಖ ನೋಡಿ, "ಕಂಡೀ? ಎಲುಬು ಕೂಡಾಕತ್ತೈತಿ," ಎಂದ. ಅವತ್ತು ಅವನು ಹೊಟ್ಟೆತುಂಬ ಉಂಡ.

ಸೋಮವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಕಟ್ಟು ಬಿಚ್ಚಿದ. ಮುಂಗೈ ಬಿಗಿದು ಹೊಳೆಯುತ್ತಿತ್ತು, ನೀರುಗುಳ್ಳೆ ಎದ್ದಿದ್ದವು. ಬೆರಳು ತಣ್ಣಗಿದ್ದವು. ಚಿವುಟಿದರೆ ಹೇಮಾಳಿಗೆ ಗೊತ್ತಾಗಲಿಲ್ಲ. ಮಡಚು ಎಂದರೆ ಮಡಚಲಿಲ್ಲ. ನೋವು ಇಳಿದದ್ದು ಎಲುಬು ಕೂಡಿದ್ದಕ್ಕಲ್ಲ, ಕೈಯ ಸ್ಪರ್ಶವೇ ಸತ್ತದ್ದಕ್ಕೆ ಎಂದು ಅವನಿಗೆ ಆ ಕ್ಷಣ ಹೊಳೆಯಿತು.

ಬಾಡಿಗೆ ಗಾಡಿ ಮಾಡಿಕೊಂಡು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಹೋದರು. ಡಾಕ್ಟರು ಕೈ ನೋಡಿದವರೇ, "ನೋವು ಯಾವಾಗ ಶುರುವಾಯಿತು?" ಎಂದು ಕೇಳಿದರು. ಗುತ್ತೆಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೇಮಾ ಹೇಳಿಬಿಟ್ಟಳು.

"ಇವತ್ತು ಬೆಳಗಾಮುಂಜಾನೆ ಐದಕ್ಕ ರೀ. ಅಲ್ಲೀ ಮಟ ಏನೂ ಇರ್ಲಿಲ್ಲ. ಅಪ್ಪ ಎಂಟು ಇಪ್ಪತ್ತಕ್ಕ ಬಿಚ್ಚಿದಾ."

ಡಾಕ್ಟರು ಅದನ್ನೇ ಬರೆದುಕೊಂಡರು. ಒಳಗೆ ಒಯ್ಯುವ ಮುನ್ನ ಅಪ್ಪ ಬಗ್ಗಿದಾಗ ಅವಳು ಪಿಸುಗುಟ್ಟಿದಳು: "ನೀ ಏನೂ ಮಾತಾಡಬ್ಯಾಡ. ನಿನ್ನ ಮ್ಯಾಲೆ ಕೇಸ್ ಗೀಸ್ ಹಾಕಿದ್ರ?" ಗುತ್ತೆಪ್ಪ ಮಾತಾಡಲಿಲ್ಲ.

ಡಾಕ್ಟರು ಮುಂಗೈಯನ್ನು ಉದ್ದಕ್ಕೆ ಸೀಳಿ ಒಳಗಿನ ಒತ್ತಡ ಬಿಡಿಸಿದರು. ಆಳದ ಮಾಂಸದ ಬಣ್ಣ ಚೆನ್ನಾಗಿಲ್ಲ, ಆದರೆ ಮೂರು ತಾಸು ಒತ್ತಡವೆಂದರೆ ಬಹಳಷ್ಟು ಉಳಿಯಬಹುದು, ಕತ್ತರಿಸಿ ತೆಗೆಯುವುದು ಬೇಡ, ನೋಡೋಣ ಎಂದರು. ಮುಂದಿನ ವಾರ ಎಲುಬಿಗೆ ಲೋಹದ ಪಟ್ಟಿ ಹಾಕಿದರು. ಎಲುಬು ಚೆನ್ನಾಗಿ ಕೂಡಿತು. ಗಾಯ ಮಾಯಿತು. ಅಕ್ಟೋಬರಿನ ಹೊತ್ತಿಗೆ ಹೇಮಾಳ ಬೆರಳುಗಳು ಅಂಗೈ ಕಡೆಗೆ ಸೊಟ್ಟಗೆ ಬಾಗಿ ನಿಂತಿದ್ದವು. ಬಿಚ್ಚುತ್ತಲೂ ಇರಲಿಲ್ಲ, ಮುಚ್ಚುತ್ತಲೂ ಇರಲಿಲ್ಲ.

ಹಿರೇಕೆರೂರಿನಲ್ಲಿ ಫಿಜಿಯೋಥೆರಪಿ ಮಾಡುತ್ತಿದ್ದವರು ಸವಣೂರಿನ ಸಾಯಿಮಾ ಮೇಡಂ. ಮೂವತ್ತು ವರ್ಷದ ಹೆಣ್ಣುಮಗಳು. ವಾರಕ್ಕೆ ಮೂರು ದಿನ ಗುತ್ತೆಪ್ಪ ಮಗಳನ್ನು ಬಸ್ಸಿನಲ್ಲಿ ಕರೆತರುತ್ತಿದ್ದ. ಮೊದಲ ದಿನ ಅವನು ಮೂಲೆಯ ಸ್ಟೂಲಿನ ಮೇಲೆ ಕುಂತು, "ಬೆರಳಿಗೇನೂ ಪೆಟ್ಟಾಗಿಲ್ಲ ರೀ, ಮುರದದ್ದು ಮುಂಗೈ. ಬೆರಳು ಯಾಕ ಹಿಂಗಾದ್ವು?" ಎಂದು ಕೇಳಿದ್ದ.

"ನಿಮ್ಮ ಎಡಗೈಲೆ ಬಲ ಮುಂಗೈ ಹಿಡ್ಕೋರಿ ಕಾಕಾ. ಮೊಣಕೈ ಕೆಳಗ. ಹಾಂ. ಈಗ ಬಲಗೈ ಬೆರಳು ಆಡಸ್ರಿ."

ಗುತ್ತೆಪ್ಪ ಆಡಿಸಿದ. ಅಂಗೈಯ ಕೆಳಗೆ, ಚರ್ಮದಡಿಯಲ್ಲಿ, ಏನೋ ಹರಿದಾಡಿತು. ಕಿರುಬೆರಳು ಮಡಚಿದರೆ ಒಂದು ಕಡೆ, ನಡುಬೆರಳಿಗೆ ಇನ್ನೊಂದು ಕಡೆ.

"ಬೆರಳಿನ್ಯಾಗ ಮಡಚೂ ಸ್ನಾಯು ಅನ್ನೂದ ಇಲ್ಲ ಕಾಕಾ. ಬರೀ ಎಲುಬು, ಹುರಿ. ಗಟ್ಟಿ ಮುಷ್ಟಿ ಹಿಡಿಯೂ ಸ್ನಾಯುಗೋಳು ಎಲ್ಲಾ ಇಲ್ಲಿ, ಮುಂಗೈಯಾಗ ಅದಾವ. ಇಲ್ಲಿ ಅವು ಜಗ್ಗಿದ್ರ, ಹುರಿ ಮಣಿಕಟ್ಟು ದಾಟಿ ಹೋಗಿ ಅಲ್ಲಿ ಬೆರಳು ಮಡಚ್ತಾವು."

ನಲವತ್ತು ವರ್ಷ ಸಾವಿರಾರು ಮುಂಗೈ ಹಿಡಿದಿದ್ದ ಗುತ್ತೆಪ್ಪ ತನ್ನ ಮುಂಗೈಯನ್ನು ಆ ದಿನ ಮನೆ ಮುಟ್ಟುವವರೆಗೂ ಹಿಡಿದೇ ಇದ್ದ.

ಬರಬರುತ್ತ ಅವನು ಎಲ್ಲವನ್ನೂ ತಿಳಿದುಕೊಂಡ. ಅಂಗೈ ಕಡೆಯ ಸ್ನಾಯುಗಳು ಮಡಚುವವು, ಹಿಂಗೈ ಕಡೆಯವು ಬಿಚ್ಚುವವು. ಮಡಚುವವು ಪದರಪದರವಾಗಿವೆ, ಬೆರಳ ತುದಿಯನ್ನೂ ಹೆಬ್ಬೆರಳನ್ನೂ ಮಡಚುವವು ಎಲ್ಲಕ್ಕಿಂತ ಆಳದಲ್ಲಿ, ಎಲುಬಿಗೆ ಅಂಟಿಕೊಂಡಿವೆ. ಇಡೀ ಗುಂಪಿನ ಸುತ್ತ ಹಿಗ್ಗದ ಒಂದು ಪೊರೆ. ಮುರಿದ ಜಾಗದಲ್ಲಿ ಬಾವು ಬಂದಾಗ ಪೊರೆ ಹಿಗ್ಗುವುದಿಲ್ಲ. ಹೊರಗೆ ಬಿಗಿ ಕಟ್ಟಿದ್ದರೆ ಮತ್ತೂ ಜಾಗವಿಲ್ಲ. ಒಳಗೆ ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚುತ್ತವೆ. ದೊಡ್ಡ ನಾಳ ಮಾತ್ರ ತೆರೆದೇ ಇರುತ್ತದೆ, ಅದಕ್ಕೇ ಉಗುರು ಕೆಂಪಾಗಿ ಕಾಣುತ್ತದೆ. ಈ ಮಾತು ಕೇಳಿದಾಗ ಗುತ್ತೆಪ್ಪ ನೆಲ ನೋಡಿದ. ಮಡಚಿದ ಬೆರಳನ್ನು ಬೇರೆಯವರು ನೆಟ್ಟಗೆ ಮಾಡಿದಾಗ ಜೀವ ಹೋಗುವಂತೆ ನೋಯುವುದೇ ಮೊದಲ ಗುರುತು. ಆರರಿಂದ ಎಂಟು ತಾಸು ಹಾಗೇ ಬಿಟ್ಟರೆ ಸ್ನಾಯು ಸಾಯುತ್ತದೆ. ಸತ್ತ ಸ್ನಾಯು ಗಾಯದ ಕಲೆಯಂತೆ ಗಟ್ಟಿಯಾಗಿ ಗಿಡ್ಡವಾಗುತ್ತದೆ.

ಗಿಡ್ಡವಾದದ್ದನ್ನು ಸಾಯಿಮಾ ತೋರಿಸಿದ್ದರು. ಹೇಮಾಳ ಮಣಿಕಟ್ಟನ್ನು ಕೆಳಗೆ ಬಾಗಿಸಿದರೆ ಬೆರಳು ತಾವಾಗಿ ಬಿಚ್ಚುತ್ತಿದ್ದವು. ಮೇಲೆತ್ತಿದರೆ ಕೊಕ್ಕೆಯಂತೆ ಮಡಚಿಕೊಳ್ಳುತ್ತಿದ್ದವು. ಹಗ್ಗ ಗಿಡ್ಡವಾದ ಬಾವಿಯ ಕೊಡದಂತೆ.

"ಆದ್ರ ಪೂರಾ ಸತ್ತಿರಾಕಿಲ್ಲ," ಎನ್ನುತ್ತಿದ್ದರು ಸಾಯಿಮಾ, ಹುಬ್ಬಳ್ಳಿಯ ಕಾಗದ ತಿರುವುತ್ತ. "ಐದಕ್ಕ ನೋವು, ಎಂಟು ಇಪ್ಪತ್ತಕ್ಕ ಬಿಚ್ಚೀರಿ. ಮೂರು ತಾಸು ಚಿಲ್ಲರೆ. ನರಕ್ಕ ಪೆಟ್ಟಾಗೇತಿ, ಅದಕ್ಕ ಸ್ನಾಯು ಎದ್ದಿಲ್ಲ. ನರ ದಿನಕ್ಕ ಒಂದು ಮಿಲಿಮೀಟರ್ ಬೆಳಿತೈತಿ. ಕಾಯೂನು."

ಕಾದರು. ಕಾಯುವುದೆಂದರೆ ದಿನಾ ಎಳೆಯುವುದು. ಬಿಸಿನೀರಿನ ಚೀಲ ಇಟ್ಟು, ಮಣಿಕಟ್ಟು ಎತ್ತಿ, ಬೆರಳೊಂದೊಂದನ್ನೇ ಬಿಚ್ಚುತ್ತ ಹೋಗುವುದು. ಹೇಮಾ ವೇಲಿನ ಅಂಚು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಮನೆಯಲ್ಲಿ ಎಳೆಯುವ ಕೆಲಸ ಗುತ್ತೆಪ್ಪನದು. ಎಳೆದು ಮುಗಿಸಿ ಅವನು ಮಡಗದ ಕೆರೆಯ ಏರಿಯ ಮೇಲೆ ಒಬ್ಬನೇ ಹೋಗಿ ಕುಂತುಬಿಡುತ್ತಿದ್ದ. ಎಲುಬು ಕಟ್ಟಿಸಿಕೊಳ್ಳಲು ಬಂದವರನ್ನು ಬಾಗಿಲಲ್ಲೇ ತಡೆದು ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದ. ಒಮ್ಮೆ ಜಮಾಲಸಾಬ ಬಂದ. ಹೇಮಾಳ ಕೈ ನೋಡಿ ತಟ್ಟನೆ ಎದ್ದ. ಹೊರಗೆ ಬಂದು, "ನನ್ನ ಈ ನಾಲಿಗಿಗೆ ಹುಳ ಬೀಳ್ಲಿ, ಅಣ್ಣಾ. ಚಾಷ್ಟಿ ಮಾಡಿದ್ದೆ," ಎಂದು ಅತ್ತ.

"ನೀ ಬರೀ ಮಾತಾಡಿದಿ ಸಾಬ. ಜಗ್ಗಿದ ಕೈ ನಂದು," ಎಂದ ಗುತ್ತೆಪ್ಪ.

2024ರ ಜನವರಿಯ ಒಂದು ಮಧ್ಯಾಹ್ನ ಸಾಯಿಮಾ ಎಂದಿಗಿಂತ ತುಸು ಹೆಚ್ಚೇ ಎಳೆದರು. ಹೇಮಾಳ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

"ಇನ್ನೊಂದೀಟು ತಡ್ಕೋ ನನ್ನವ್ವ. ಮೂರು ತಾಸಿಗೆ ಪೂರಾ ಸಾಯೂದಿಲ್ಲ ಅದು. ಒಳಗ ಎಲ್ಲೋ ಜೀವ ಇರ್ತೈತಿ. ಈ ತಿಂಗಳು ಜೋರು ಮಾಡೂನು."

"ಮೇಡಮ್ಮರ," ಎಂದ ಗುತ್ತೆಪ್ಪ ಸ್ಟೂಲಿನಿಂದ ಎದ್ದು. "ಅದು ಮೂರು ತಾಸಲ್ರಿ."

"ಅಪ್ಪಾ, ಸುಮ್ನಿರು!" ಹೇಮಾ ಮಲಗಿದಲ್ಲಿಂದಲೇ ಕೂಗಿದಳು.

"ಶನಿವಾರ ಹತ್ತು ನಲವತ್ತಕ್ಕ ಕಟ್ಟೀನ್ರಿ. ಮಧ್ಯಾಹ್ನ ಎರಡಕ್ಕ ಬ್ಯಾನಿ ಅಂದ್ಲು. ಐದಕ್ಕ ಅಂದ್ಲು. ಊಟದ ಹೊತ್ತಿಗೆ ಅಕಿ ಅವ್ವ ಬೆರಳು ಬಿಚ್ಚಿದಾಗ ಓಣಿಗೆಲ್ಲಾ ಕೇಳೂಹಂಗ ಚೀರಿದ್ಲು. ನಾ ಬಿಚ್ಚಲಿಲ್ಲ. ಆಯಿತವಾರ ಸಂಜೀಕ ನೋವು ನಿಂತಾಗ ಖುಷಿಪಟ್ಟೆ. ನನ್ನ ಉಳಸಾಕ ಅಕಿ ಸುಳ್ಳು ಹೇಳ್ಯಾಳ. ನಾ ಕೇಳ್ಕೋತ ನಿಂತೆ."

ಸಾಯಿಮಾ ಹೇಮಾಳ ಬೆರಳುಗಳನ್ನು ಮೆಲ್ಲಗೆ ಬಿಟ್ಟರು. ಮೇಜಿನ ಮೇಲಿದ್ದ ಪೆನ್ನು ತೆಗೆದು ಕಾಗದದ ಅಂಚಿನಲ್ಲಿ ಲೆಕ್ಕ ಮಾಡಿದರು. ನಲವತ್ತೈದು ತಾಸು ನಲವತ್ತು ನಿಮಿಷ. ಎರಡನೆಯ ಸಲ ಕೂಡಿಸಿ ನೋಡಿದರು.

"ಮೂರು ತಿಂಗಳು, ಕಾಕಾ," ಎಂದರು ಕೊನೆಗೆ. ದನಿ ಏರಿರಲಿಲ್ಲ. "ಇಲ್ಲದ್ದನ್ನ ಎಬ್ಬಸಾಕ ಮೂರು ತಿಂಗಳು ಈ ಹುಡುಗೀನ ಅಳಿಸಿದ್ವಿ ನಾವಿಬ್ರೂ."

ಸಾಯಿಮಾ ಪೆನ್ನು ಇಟ್ಟು ಹೇಮಾಳ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಎಳದದ್ದಕ್ಕ ಗೆಣ್ಣು ಬಿಗದಿಲ್ಲ, ಮೆತ್ತಗ ಉಳದಾವ. ಅಷ್ಟರ ಲಾಭ ಆತು. ಹುಬ್ಬಳ್ಳಿಗೆ ನಾನ ಫೋನ್ ಮಾಡ್ತೇನಿ. ಇನ್ನ ಕಾಯೂದು ಬ್ಯಾಡ."

ಮಾಸೂರಿನ ಬಸ್ಸಿನಲ್ಲಿ ಅಪ್ಪ ಮಗಳು ಒಂದೇ ಸೀಟಿನಲ್ಲಿ ಕುಂತರು. ಬಸ್ಸು ಹಿರೇಕೆರೂರು ದಾಟಿದ ಮೇಲೆ ಗುತ್ತೆಪ್ಪ ಕೇಳಿದ.

"ಸಿಟ್ಟು ಬಂದೈತೇನವ್ವ?"

"ನಿನ್ನ ಮ್ಯಾಲೇನಿಲ್ಲ."

"ಅದು ಬದುಕೇತಿ ಅಂತ ನೀನೂ ತಿಳ್ಕೊಂಡಿದ್ದಿ. ಅದಕ್ಕ ಹೇಳಿಬಿಟ್ಟೆ."

"ನಂಗ ಗೊತ್ತಿತ್ತಪಾ," ಎಂದಳು ಹೇಮಾ, ಕಿಟಕಿಯ ಹೊರಗೆ ನೋಡುತ್ತ. "ಅದು ಸಾಯೂವಾಗ ಎರಡು ದಿನ ನಾನ ಇದ್ನಲ್ಲ ಅದರ ಜೋಡಿ. ನಿಂಗ ಗೊತ್ತಾಗಬಾರದು ಅಂತ ಎಳಿಸ್ಕೊಂಡೆ."

ಗುತ್ತೆಪ್ಪ ಅವಳ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಊರು ಬರುವವರೆಗೆ ಅದು ಅಲ್ಲೇ ಇತ್ತು. ಹಿಡಿದದ್ದು ಅವಳಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ಅವನು ಕೇಳಲಿಲ್ಲ.

ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ ಮತ್ತೆ ಮುಂಗೈ ತೆರೆದರು. ಆಳದ ಪದರವೆಲ್ಲ ಹಳದಿ ಬಿಳುಪಿನ ಹುರಿಯಾಗಿತ್ತು. ಕತ್ತರಿ ತಾಗಿದರೂ ರಕ್ತ ಬರಲಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ತೆಗೆದುಹಾಕಿದರು. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಹಿಂಗೈ ಕಡೆಯಲ್ಲಿ ಒಂದಕ್ಕಿಂತ ಹೆಚ್ಚಿವೆ. ಅವುಗಳಲ್ಲಿ ಒಂದನ್ನು ಬಿಡಿಸಿ, ಮುಂಭಾಗಕ್ಕೆ ತಿರುಗಿಸಿ, ನಾಲ್ಕು ಬೆರಳ ಹುರಿಗಳಿಗೆ ಹೊಲಿದರು. ಹೆಬ್ಬೆರಳಿಗೆ ಇನ್ನೊಂದು. ಮೇಲೆ ಹಾಕಿದ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ ಬಿಟ್ಟಿದ್ದರು, ಬಾವು ಬಂದರೆ ಜಾಗವಿರಲೆಂದು. ನೋವು ಏರುತ್ತ ಹೋದರೆ ಯಾವ ಹೊತ್ತಾದರೂ ಸರಿ, ಬಂದುಬಿಡಿ ಎಂದರು. ಗುತ್ತೆಪ್ಪ ಆ ಸೀಳನ್ನೇ ಬಹಳ ಹೊತ್ತು ನೋಡಿದ. ಎರಡು ಬೆರಳಗಲದ ಜಾಗ.

ಪ್ಲಾಸ್ಟರು ತೆಗೆದ ಮೇಲೆ ಹೊಸ ಪಾಠ ಶುರುವಾಯಿತು. ಜರುಗಿಸಿದ ಸ್ನಾಯುವಿಗೆ ತನ್ನ ಹಳೆಯ ಕೆಲಸವೇ ಗೊತ್ತು. ಮುಷ್ಟಿ ಹಿಡಿಯಬೇಕೆಂದರೆ ಹೇಮಾ ಮುಷ್ಟಿಯ ಬಗ್ಗೆ ಯೋಚಿಸಬಾರದು; ಮಣಿಕಟ್ಟು ಎತ್ತುತ್ತೇನೆ ಅಂದುಕೊಳ್ಳಬೇಕು. ಗುತ್ತೆಪ್ಪ ಎದುರು ಕುಂತು ತನ್ನ ಬಲಗೈಯನ್ನೂ ಮೇಲೆತ್ತುತ್ತಿದ್ದ.

"ಎತ್ತವ್ವ. ಎತ್ತೇನಿ ಅನ್ಕೋ."

"ಎತ್ತಾಕತ್ತೇನಿ ಅಪ್ಪಾ! ಎಷ್ಟು ಎತ್ತಲಿ? ಗುಡ್ಡ ಎತ್ತೀದ್ರೂ ಇಷ್ಟು ದಣೀತಿರ್ಲಿಲ್ಲ."

ಹನ್ನೊಂದನೆಯ ದಿನ ನಾಲ್ಕು ಬೆರಳೂ ಒಟ್ಟಿಗೆ, ಒಂದು ಅಂಗುಲದಷ್ಟು ಮಡಚಿಕೊಂಡವು. ಒಂದೊಂದೇ ಮಡಚಲು ಬರುತ್ತಿರಲಿಲ್ಲ. ನಾಲ್ಕಕ್ಕೂ ಈಗ ಒಂದೇ ಸ್ನಾಯು. ಶೇಖವ್ವ ಒಲೆಯ ಮುಂದಿನಿಂದ ಎದ್ದು ಬಂದು ನೋಡಿ, ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅವತ್ತು ಗುತ್ತೆಪ್ಪ ಎಷ್ಟೋ ತಿಂಗಳ ಮೇಲೆ ನಕ್ಕ. ಆಮೇಲೆ ಇಡೀ ಬೇಸಿಗೆ, ಮಳೆಗಾಲ, ಅವರಿಬ್ಬರೂ ಆ ಒಂದು ಅಂಗುಲದ ಹಿಂದೆ ಬಿದ್ದರು. ಮೊದಲು ಅರಳೆ, ಆಮೇಲೆ ನೀರು ಹಿಂಡುವ ಅರಿವೆ, ಆಮೇಲೆ ಚಪಾತಿ ಹಿಟ್ಟು.

2025ರ ಫೆಬ್ರವರಿ 11ರಂದು ಸಾಯಿಮಾ ಮೇಜಿನ ಮೇಲೆ ಹಿಡಿತ ಅಳೆಯುವ ಒಂದು ಯಂತ್ರ ಇಟ್ಟರು. ಹಿಡಿಕೆ ಒತ್ತಿದರೆ ಎಷ್ಟು ಕಿಲೋ ಎಂದು ಅಂಕಿ ಬರುತ್ತದೆ. ಹುಬ್ಬಳ್ಳಿಗೆ ಕಳಿಸುವ ಕೊನೆಯ ವರದಿಗೆ ಅದು ಬೇಕಿತ್ತು. ಎಡಗೈಯಲ್ಲಿ ಹೇಮಾ ಇಪ್ಪತ್ತಮೂರೂವರೆ ಒತ್ತಿದಳು. ಬಲಗೈಯಲ್ಲಿ ಮೂರು ಸಲ ಒತ್ತಿಸಿದರು: ನಾಲ್ಕು ಪಾಯಿಂಟ್ ಎರಡು, ನಾಲ್ಕು ಪಾಯಿಂಟ್ ಎಂಟು, ನಾಲ್ಕು ಪಾಯಿಂಟ್ ಆರು.

"ಇನ್ನೂ ಏರ್ತೈತೇನ್ರಿ?" ಎಂದು ಕೇಳಿದಳು ಹೇಮಾ.

ಸಾಯಿಮಾ ಪೆನ್ನಿನ ಮುಚ್ಚಳ ಹಾಕಿದರು. "ಆಪರೇಷನ್ ಆಗಿ ಒಂದು ವರ್ಷದ ಹತ್ರ ಬಂತವ್ವ. ಇನ್ನೇನು, ಅರ್ಧ ಕಿಲೋ ಏರಿದ್ರ ಏರೀತು. ಲೋಟ ಹಿಡೀತಿ, ಬಾಗಿಲ ಚಿಲಕ ಹಾಕ್ತಿ. ಬಕೀಟು ಎತ್ತಬ್ಯಾಡ."

"ಕ್ರಾಸಿಂಗ್?"

ಮಿಶ್ರತಳಿ ಬೀಜಕ್ಕಾಗಿ ಹತ್ತಿಯ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸುತ್ತ ಗೀರಿ, ಒಳಗಿನ ಶಲಾಕೆಗೆ ಏಟಾಗದಂತೆ ಗಂಡು ಕೇಸರಗಳ ಸುತ್ತನ್ನು ಹಗುರಾಗಿ ತಿರುವಿ ತೆಗೆಯುವ ಕೆಲಸ ಅದು. ಒಂದು ಮಧ್ಯಾಹ್ನಕ್ಕೆ ಹೇಮಾ ಮುನ್ನೂರು ಮೊಗ್ಗು ಮಾಡುತ್ತಿದ್ದಳು. ಆ ಪ್ಲಾಟಿನಲ್ಲಿ ಅವಳಷ್ಟು ಮಾಡುವವರು ಇನ್ನೊಬ್ಬರಿರಲಿಲ್ಲ.

"ಆಗೂದಿಲ್ಲ," ಎಂದರು ಸಾಯಿಮಾ. ಸುತ್ತಿ ಬಳಸಿ ಹೇಳಲಿಲ್ಲ.

ಹೇಮಾ ತಲೆಯಾಡಿಸಿದಳು. ಯಂತ್ರವನ್ನು ಎಡಗೈಯಿಂದ ಎತ್ತಿ, ಸ್ಟೂಲಿನ ಮೇಲೆ ಕುಂತಿದ್ದ ಅಪ್ಪನ ಕಡೆಗೆ ಚಾಚಿದಳು.

"ನೀ ಒತ್ತಪಾ. ನಿಂದೆಷ್ಟೈತಿ ನೋಡೂನು."

"ನಂದ್ಯಾಕವ್ವ? ಬ್ಯಾಡ."

"ಒತ್ತು. ನಂಗ ನೋಡಬೇಕಾಗೇತಿ."

ಗುತ್ತೆಪ್ಪ ಸಾಯಿಮಾರ ಮುಖ ನೋಡಿದ. ಅವರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಹಿಡಿಕೆಯ ಸುತ್ತ ಬೆರಳು ಇಟ್ಟು ಅವನು ಮೆಲ್ಲಗೆ ಒತ್ತಿದ. ಅಂಕಿ ಆರಕ್ಕೆ ಬಂದು ನಿಂತಿತು.

"ಕಳ್ಳಾಟ ಮಾಡಬ್ಯಾಡ," ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಪೂರಾ ಒತ್ತು."

ಅವನು ಕಣ್ಣು ಮುಚ್ಚಿಕೊಂಡ. ಮುಂಗೈಯ ಆಳದಲ್ಲಿ, ಎಲುಬಿಗೆ ಅಂಟಿದ ಪದರದಿಂದ ಹಿಡಿದು ಮೇಲಿನವರೆಗೆ ಒಂದೊಂದೇ ಬಿಗಿಯಾಗುವುದು ಅವನಿಗೆ ಈಗ ತಿಳಿಯುತ್ತಿತ್ತು. ಒತ್ತಿದ. ಹೇಮಾ ಬಗ್ಗಿ ಅಂಕಿ ಓದಿ, ಸಾಯಿಮಾ ಬರೆದುಕೊಳ್ಳಲಿ ಎನ್ನುವಂತೆ ಸ್ಪಷ್ಟವಾಗಿ ಹೇಳಿದಳು.

ಗುತ್ತೆಪ್ಪನ ಬಲಗೈಯ ಹಿಡಿತ ನಲವತ್ತಮೂರು ಕಿಲೋ.